ಸೋಲಾರ್ ಫಲಕ ಬಾಡಿಗೆಗೋ, ಸ್ವಂತಕ್ಕೋ? ಬಸವಕಲ್ಯಾಣ–ಹುಮನಾಬಾದ್ ಮನೆಗಳ ಲೆಕ್ಕ

ಮನೆಯ ಮೇಲೆ ಸೋಲಾರ್ ಹಾಕಿಸಲು ಮೂರು ದಾರಿಗಳಿವೆ. ಕೈಯಿಂದ ದುಡ್ಡು ಕೊಟ್ಟು ಕೊಳ್ಳುವುದು ಒಂದು. ಬ್ಯಾಂಕ್ ಸಾಲದಲ್ಲಿ ಕೊಂಡು ಕಂತು ಕಟ್ಟುವುದು ಇನ್ನೊಂದು. ಕಂಪನಿಯೊಂದು ತನ್ನ ಖರ್ಚಿನಲ್ಲೇ ನಮ್ಮ ಮಾಳಿಗೆ ಮೇಲೆ ಫಲಕ ಹೂಡಿ, ತಿಂಗಳಿಗಿಷ್ಟು ಬಾಡಿಗೆ ಎಂದೋ ಯೂನಿಟ್ಟಿಗಿಷ್ಟು ದರ ಎಂದೋ ವಸೂಲಿ ಮಾಡುವುದು ಮೂರನೆಯದು. ಸರ್ಕಾರಿ ಕಾಗದಗಳಲ್ಲಿ ಈ ಮೂರನೆಯದಕ್ಕೆ ‘ರೆಸ್ಕೋ’ ಮಾದರಿ ಎಂಬ ಹೆಸರಿದೆ. ಬೀದರ್ ಕಡೆಯ ಮಾತಿನಲ್ಲಿ ಹೇಳುವುದಾದರೆ ಫಲಕ ಕಿರಾಯಿಗೆ ಹಿಡಿಯುವುದು.

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಸಾಧಾರಣ ಮನೆಗೆ ಈ ಕಿರಾಯಿ ದಾರಿಯಿಂದ ಹೆಚ್ಚಿನ ಲಾಭವಿಲ್ಲ. ಸಹಾಯಧನವೂ ಕಡಿಮೆ ಬಡ್ಡಿಯ ಸಾಲವೂ ಇರುವಾಗ ಬಾಡಿಗೆ ಮಾಡಬೇಕಾದ ಕೆಲಸವನ್ನು ಬ್ಯಾಂಕಿನ ಕಂತೇ ಮಾಡಿಬಿಡುತ್ತದೆ. ಆದರೆ ಸೋಲಾರ್ ಬೇಕೇ ಬೇಡವೇ ಎನ್ನುವುದು ಅದಕ್ಕೂ ಮೊದಲಿನ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಮಾರಾಟಗಾರರ ಬಳಿ ಸಿಗುವುದಿಲ್ಲ.

ಮೊದಲು ಲೈಟ್ ಬಿಲ್ ತೆಗೆದು ನೋಡಿ

ಈ ಎರಡೂ ತಾಲ್ಲೂಕುಗಳಿಗೆ ಕರೆಂಟ್ ಕೊಡುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಅದರ ಅಧಿಕೃತ ಚಾಲನೆ ಆದದ್ದೂ ಅದೇ ವರ್ಷದ ಆಗಸ್ಟ್ 5ರಂದು, ಕಲಬುರಗಿಯಲ್ಲೇ. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಎಷ್ಟಾಗುತ್ತದೋ ಅಷ್ಟು ಕರೆಂಟ್ ಪುಕ್ಕಟೆ. ತನ್ನ ಪಾಲಿಗಿಂತ ತುಸು ಹೆಚ್ಚು ಉರಿಸಿದರೆ ಆ ಹೆಚ್ಚುವರಿಗಷ್ಟೇ ದುಡ್ಡು. ತಿಂಗಳ ಬಳಕೆ 200 ದಾಟಿತೋ, ಪೂರ್ತಿ ಬಿಲ್ಲು.

ಹೀಗಿರುವಾಗ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಟಿವಿ, ಒಂದು ಫ್ರಿಜ್ ಇರುವ ಮನೆಯ ಬಿಲ್ಲು ಸೊನ್ನೆ ಬರುತ್ತಿದೆ. ಸೊನ್ನೆಯಲ್ಲಿ ಉಳಿಸುವುದೇನು? ಅಂಥ ಮನೆಯವರು ಫಲಕ ಕೊಂಡರೂ ನಷ್ಟ, ಬಾಡಿಗೆಗೆ ಹಿಡಿದರಂತೂ ಇಲ್ಲದ ಖರ್ಚೊಂದನ್ನು ತಿಂಗಳು ತಿಂಗಳು ತಲೆ ಮೇಲೆ ಹೊತ್ತಂತೆ. ‘ಬಿಲ್ಲೇ ಬರಲ್ಲ ಸಾಹೇಬ್ರ’ ಎಂದು ಮಾರಾಟಗಾರ ಬಾಗಿಲಿಗೆ ಬಂದು ಹೇಳಿದಾಗ, ‘ಈಗಲೂ ಬರ್ತಿಲ್ಲಲ್ಲಪ್ಪಾ’ ಎಂದು ಧಾರಾಳವಾಗಿ ಹೇಳಬಹುದು.

ಸೋಲಾರ್ ಲೆಕ್ಕಕ್ಕೆ ಬರುವುದು ತಿಂಗಳಿಗೆ 250, 300, 400 ಯೂನಿಟ್ ಉರಿಸುವ ಮನೆಗಳಿಗೆ. ಬೇಸಿಗೆಯಲ್ಲಿ ಎಸಿ ಅಥವಾ ದೊಡ್ಡ ಕೂಲರ್, ಬೋರ್‌ವೆಲ್ ಮೋಟರ್, ಗೀಸರ್, ಒಂದೇ ಮೀಟರಿನ ಕೆಳಗೆ ಎರಡು ಸಂಸಾರ. ಅಂಥ ಮನೆಗಳು ಬಸವಕಲ್ಯಾಣದ ಹೊಸ ಬಡಾವಣೆಗಳಲ್ಲೂ ಹುಮನಾಬಾದಿನ ಹೆದ್ದಾರಿ ಬದಿಯಲ್ಲೂ ಹೆಚ್ಚುತ್ತಲೇ ಇವೆ.

ದರದ ವಿಚಾರದಲ್ಲಿ ಒಂದು ಸಂಗತಿ ಗಮನದಲ್ಲಿರಲಿ. 2023ರ ಆದೇಶದ ಪ್ರಕಾರ ನೂರು ಯೂನಿಟ್ ದಾಟಿದ ಮನೆಗೆ ಯೂನಿಟ್ಟಿಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ತೆಗೆದು ಎಲ್ಲರಿಗೂ 5.90 ಮಾಡಿದರು. 2025ರ ಏಪ್ರಿಲ್‌ನಿಂದ ಅದು 5.80 ಆಯಿತು, ಜೊತೆಗೆ ಸಿಬ್ಬಂದಿ ಪಿಂಚಣಿಯ ಬಾಬ್ತು 36 ಪೈಸೆ ಸೇರಿತು, ಶೇ 9 ವಿದ್ಯುತ್ ತೆರಿಗೆ ಇದ್ದೇ ಇದೆ. ಎಲ್ಲ ಕೂಡಿದರೆ ಯೂನಿಟ್ಟಿಗೆ ಆರೂವರೆ ರೂಪಾಯಿ ಆಸುಪಾಸು. ಇನ್ನೊಂದು ಕಡೆ ಕಿಲೋವ್ಯಾಟಿಗೆ 120 ಇದ್ದ ನಿಗದಿತ ಶುಲ್ಕ 145ಕ್ಕೆ ಏರಿತು. ಅಂದರೆ ಯೂನಿಟ್ ದರ ಇಳಿದಿದೆ, ನಿಗದಿತ ಶುಲ್ಕ ಹೆಚ್ಚಿದೆ. ಫಲಕ ಉಳಿಸುವುದು ಯೂನಿಟ್ಟಿನ ದುಡ್ಡನ್ನು ಮಾತ್ರ. ನಿಗದಿತ ಶುಲ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ‘ವರ್ಷಾ ವರ್ಷಾ ಕರೆಂಟ್ ದರ ಏರ್ತದ’ ಎಂಬ ನಂಬಿಕೆಯ ಮೇಲೆ ನಿಂತ ಯಾವುದೇ ಬಾಡಿಗೆ ಕರಾರನ್ನು ಓದುವ ಮುನ್ನ ಇದು ನೆನಪಿರಬೇಕು.

ಇಲ್ಲಿನ ಬಿಸಿಲು, ಇಲ್ಲಿನ ಮಾಳಿಗೆ

ಬಿಸಿಲಿಗೆ ಬೀದರ್ ಜಿಲ್ಲೆಯಲ್ಲಿ ಬರವಿಲ್ಲ. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆಂದು ಹಿಡಿಯಬಹುದು; ಮೂರು ಕಿಲೋವ್ಯಾಟಿಗೆ ತಿಂಗಳಿಗೆ 350 ಯೂನಿಟ್ ಹತ್ತಿರ. ಜುಲೈ–ಆಗಸ್ಟ್‌ನ ಮೋಡದಲ್ಲಿ ಇದು ತಗ್ಗುತ್ತದೆ, ಫೆಬ್ರುವರಿ–ಮಾರ್ಚ್‌ನಲ್ಲಿ ಏರುತ್ತದೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಅತಿ ಹೆಚ್ಚು ಕರೆಂಟ್ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗಿಲ್ಲ. ಫಲಕಕ್ಕೆ ಬೇಕಾದ್ದು ಬೆಳಕು, ಕಾವಲ್ಲ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ಶೇ 0.35ರಷ್ಟು ಇಳಿಯುತ್ತದೆ. ಹೊರಗೆ 41 ಡಿಗ್ರಿ ಇದ್ದ ಮಧ್ಯಾಹ್ನ ಫಲಕದ ಮೈ 65 ಡಿಗ್ರಿ ಮುಟ್ಟಿದರೆ ಶೇ 14ರಷ್ಟು ಅಲ್ಲೇ ಹೋಯಿತು. ಅದಕ್ಕೇ ಫಲಕವನ್ನು ತಾರಸಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿ ಆಡುವಷ್ಟು ಎತ್ತರ ಕೊಡಬೇಕು.

ಎತ್ತರಕ್ಕೆ ಇನ್ನೊಂದು ಕಾರಣವೂ ಉಂಟು. ಮೂರು ಕಿಲೋವ್ಯಾಟಿಗೆ 540 ವ್ಯಾಟಿನ ಆರು ಫಲಕ ಬೇಕು. ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28 ಕಿಲೋ ಆಸುಪಾಸು ತೂಕ. ಓಡಾಡುವ ಜಾಗ ಸೇರಿಸಿದರೆ 300 ಚದರಡಿ ಹಿಡಿಯುತ್ತದೆ. ಸಂಡಿಗೆ, ಶಾವಿಗೆ, ತೊಗರಿ, ಹೆಸರು ಒಣಹಾಕಲು, ಬೇಸಿಗೆಯ ರಾತ್ರಿ ಮಲಗಲು ಮಾಳಿಗೆಯನ್ನೇ ನೆಚ್ಚಿದ ಮನೆಗಳಲ್ಲಿ 300 ಚದರಡಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟು ಹಾಕಿಸಿದರೆ ಕೆಳಗಿನ ಜಾಗ ಉಳಿಯುತ್ತದೆ, ನೆರಳೂ ಸಿಗುತ್ತದೆ. ಖರ್ಚು ಮಾತ್ರ ಹೆಚ್ಚು, ಗಾಳಿಯ ಹೊಡೆತವೂ ಹೆಚ್ಚು. ಚೌಕಟ್ಟಿನ ಬುಡವನ್ನು ಕಾಂಕ್ರೀಟಿನಲ್ಲಿ ಭದ್ರ ಮಾಡದಿದ್ದರೆ ಮುಂಗಾರುಪೂರ್ವದ ಬಿರುಗಾಳಿಗೆ ಭಾರ ಲೆಕ್ಕಕ್ಕಿಲ್ಲ. ಗಾಳಿ ಫಲಕವನ್ನು ಒತ್ತುವುದಷ್ಟೇ ಅಲ್ಲ, ಮೇಲಕ್ಕೂ ಎತ್ತುತ್ತದೆ.

ಹಳೆಯ ಓಣಿಗಳ ಮಣ್ಣಿನ ಮಾಳಿಗೆಗಳಿಗೆ ಈ ಯಾವುದೂ ಹೊಂದುವುದಿಲ್ಲ. ತೊಲೆ, ಜಂತಿಗಳ ಮೇಲೆ ಮಣ್ಣು ಬಡಿದ ಮಾಳಿಗೆಗೆ ಕಬ್ಬಿಣದ ಕಾಲು ನೆಟ್ಟರೆ ಮೊದಲ ಮಳೆಗೇ ಸೋರಿಕೆ ಶುರು. ಪತ್ರಾಸಿನ ಮನೆಯಾದರೆ ಕೆಳಗಿನ ಕಬ್ಬಿಣದ ಅಟ್ಟಣೆ ಗಟ್ಟಿಯಿರಬೇಕು. ಅಂಥ ಮನೆಯವರು ಅಂಗಳದಲ್ಲೋ ದನದ ಕೊಟ್ಟಿಗೆಯ ಮೇಲೋ ಬೇರೆ ಚೌಕಟ್ಟು ನಿಲ್ಲಿಸುವುದು ಲೇಸು.

ನೆರಳಿನ ಕಡೆಗೂ ಗಮನವಿರಲಿ. ಫಲಕಗಳನ್ನು ಸರಪಳಿಯಂತೆ ಜೋಡಿಸುವುದರಿಂದ ಒಂದರ ಮೂಲೆ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಮಾರಾಟಗಾರರು ಮಧ್ಯಾಹ್ನ ಹನ್ನೆರಡಕ್ಕೆ ಬಂದು ಜಾಗ ನೋಡಿ ಹೋಗುತ್ತಾರೆ. ನೀವು ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಮೇಲೆ ಹತ್ತಿ ನೋಡಿ, ಅದೂ ಡಿಸೆಂಬರ್‌ನಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದವಾಗಿರುತ್ತದೆ.

ಪುಣೆ–ಹೈದರಾಬಾದ್ ಹೆದ್ದಾರಿ ಪಕ್ಕದ ಮನೆಗಳಿಗೆ ಧೂಳಿನ ಕಾಟ. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಒರೆಸಬೇಕು. ಬೆಳಗಿನ ತಂಪಿನಲ್ಲಿ ಮಾತ್ರ, ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ಲಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಬಟ್ಟೆಯಲ್ಲಿ ಒರೆಸಿ ಬಿಡಿ. ಆಲಿಕಲ್ಲಿನ ಭಯ ಬೇರೆ. ಒಳ್ಳೆಯ ಫಲಕಗಳನ್ನು 25 ಮಿಲಿಮೀಟರ್ ಗಾತ್ರದ ಮಂಜುಗಡ್ಡೆಯ ಉಂಡೆಯಿಂದ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸಿರುತ್ತಾರೆ. ಅದಕ್ಕಿಂತ ದಪ್ಪ ಕಲ್ಲು ಬಿದ್ದರೆ ವಿಮೆಯೇ ಗತಿ. ಮಂಗಗಳ ಕಾಟಕ್ಕೆ ಮಾತ್ರ ಅಂಥ ಪರೀಕ್ಷೆ ಇಲ್ಲ. ವೈರುಗಳನ್ನು ಕೊಳವೆಯೊಳಗೆ ಹಾಕಿಸಿ.

ಕೊಂಡರೆ ಎಷ್ಟು ಬೀಳುತ್ತದೆ

ಪಿಎಂ ಸೂರ್ಯಘರ್ ಯೋಜನೆಗೆ ಕೇಂದ್ರ ಸಂಪುಟ 2024ರ ಫೆಬ್ರುವರಿ 29ರಂದು ಒಪ್ಪಿಗೆ ಕೊಟ್ಟಿತು. ಒಟ್ಟು 75,021 ಕೋಟಿ ರೂಪಾಯಿ, ಒಂದು ಕೋಟಿ ಮನೆಗಳ ಗುರಿ. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಅಲ್ಲಿಗೆ 78,000 ರೂಪಾಯಿ. ಅದರ ಮೇಲೆ ಎಷ್ಟೇ ಕಿಲೋವ್ಯಾಟ್ ಹಾಕಿಸಿದರೂ ಸಹಾಯಧನ ಅಷ್ಟೇ. ಮನೆಗಳಿಗೆ ಮೂರು ಕಿಲೋವ್ಯಾಟೇ ವಾಡಿಕೆಯಾಗಿರುವುದು ಈ ಕಾರಣದಿಂದ. ಭಾರತದಲ್ಲೇ ತಯಾರಾದ ಕೋಶಗಳಿರುವ ಫಲಕಕ್ಕೆ ಮಾತ್ರ ಈ ದುಡ್ಡು ಸಿಗುತ್ತದೆ. ಅಗ್ಗಕ್ಕೆ ಸಿಗುವ ಹೊರದೇಶದ ಮಾಲು ತೋರಿಸಿ ‘ಸಬ್ಸಿಡಿನೂ ಬರ್ತದ’ ಎನ್ನುವವರನ್ನು ಅಲ್ಲಿಂದಲೇ ಸಾಗಹಾಕಿ.

ಸರ್ಕಾರ ಸಹಾಯಧನ ನಿಗದಿ ಮಾಡುವಾಗ ಮೂರು ಕಿಲೋವ್ಯಾಟಿಗೆ 1,45,000 ರೂಪಾಯಿ ಮೂಲಬೆಲೆ ಹಿಡಿದಿತ್ತು. ಎತ್ತರದ ಚೌಕಟ್ಟು, ಅರ್ಥಿಂಗ್, ಕೇಬಲ್ ಎಂದೆಲ್ಲ ಸೇರಿ ವಾಸ್ತವದಲ್ಲಿ ಎರಡು ಲಕ್ಷದವರೆಗೂ ಹೋಗುತ್ತದೆ. ಎರಡು ಲಕ್ಷವೆಂದೇ ಇಟ್ಟುಕೊಳ್ಳೋಣ. ಯೋಜನೆಯಡಿ ಬ್ಯಾಂಕುಗಳು ಮೂರು ಕಿಲೋವ್ಯಾಟ್‌ವರೆಗೆ ಅಡವಿಲ್ಲದೆ, ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ; 2024ರಲ್ಲಿ ಅದು ಶೇ 7ರ ಆಸುಪಾಸಿನಲ್ಲಿತ್ತು. ಕೈಯಿಂದ 20,000 ಹಾಕಿ 1,80,000 ಸಾಲ ಎತ್ತಿದಿರಿ. ಸಹಾಯಧನದ 78,000 ಬಂದು ಸಾಲಕ್ಕೆ ಜಮೆಯಾದರೆ ಉಳಿದದ್ದು 1,02,000. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 1,200 ರೂಪಾಯಿಯ ಒಳಗೆ.

ಈಗ ಉಳಿತಾಯ. ಮನೆಯ ಬಳಕೆಯೂ 350 ಯೂನಿಟ್ ಇದ್ದರೆ, ಆರೂವರೆಯಂತೆ ತಿಂಗಳಿಗೆ 2,275 ರೂಪಾಯಿ ತಪ್ಪುತ್ತದೆ. ಕಂತು ಕಟ್ಟಿಯೂ ಸಾವಿರ ರೂಪಾಯಿ ಮಿಗುತ್ತದೆ. ಪೂರ್ತಿ ಹಣ ಕೈಯಿಂದಲೇ ಕೊಟ್ಟವರಿಗೆ ಹಾಕಿದ 1,22,000 ನಾಲ್ಕೂವರೆ ವರ್ಷದಲ್ಲಿ ವಾಪಸ್. ಫಲಕಕ್ಕೆ ಕಂಪನಿಗಳು 25 ವರ್ಷದ ಉತ್ಪಾದನಾ ಖಾತರಿ ಕೊಡುತ್ತವೆ; ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಂದು ಸಲವಾದರೂ ಬದಲಿಸುವ ಖರ್ಚು ಕಾದಿದೆ. ಹೂಡಿದ ಏಜೆನ್ಸಿ ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬುದು ಯೋಜನೆಯ ಷರತ್ತು.

ಬಳಸಿ ಉಳಿದದ್ದನ್ನು ಜೆಸ್ಕಾಂ ಕೊಳ್ಳುತ್ತದೆ, ಆದರೆ ನಾವು ಕೊಡುವ ದರಕ್ಕಲ್ಲ, ಅದಕ್ಕಿಂತ ತೀರ ಕಡಿಮೆಗೆ. 2013ರಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿ ಸೋಲಾರ್‌ಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು. ಮಾಳಿಗೆಯಿಂದ ಕರೆಂಟ್ ಮಾರಿ ದುಡ್ಡು ಮಾಡಬಹುದೆಂಬ ಮಾತು ಹುಟ್ಟಿದ್ದು ಆಗ. ಆ ಕಾಲ ಮುಗಿಯಿತು. ಬಳಕೆಗೆ ತಕ್ಕಷ್ಟೇ ಫಲಕ ಹಾಕಿಸಿ.

ಬಾಡಿಗೆ ಪದ್ಧತಿ ಹುಟ್ಟಿದ್ದೆಲ್ಲಿ

ಫಲಕದ ಬಾಡಿಗೆ ಮನೆಮಾತಾದದ್ದು ಅಮೆರಿಕದಲ್ಲಿ. 2006ರಲ್ಲಿ ಶುರುವಾದ ಸೋಲಾರ್‌ಸಿಟಿ, 2007ರಲ್ಲಿ ಬಂದ ಸನ್‌ರನ್ ಮುಂತಾದವು ‘ಮುಂಗಡವಿಲ್ಲ, ತಿಂಗಳ ಬಾಡಿಗೆ ಅಷ್ಟೇ’ ಎಂದು 20–25 ವರ್ಷದ ಕರಾರು ಮಾಡಿಕೊಂಡವು. ಅಲ್ಲಿ ಫಲಕ ದುಬಾರಿ, ಕರೆಂಟೂ ದುಬಾರಿ. ಸರ್ಕಾರದ ತೆರಿಗೆ ರಿಯಾಯಿತಿ ಫಲಕದ ಒಡೆಯನಿಗೆ, ಅಂದರೆ ಕಂಪನಿಗೆ ಹೋಗುತ್ತಿತ್ತು. ಮನೆ ಮಾರುವಾಗ ಕೊಳ್ಳುವವರು ಈ ಕರಾರು ಬೇಡವೆಂದರೆ ಫಜೀತಿ. ಬ್ರಿಟನ್ನಿನಲ್ಲಿ 2010ರ ನಂತರ ಕಂಪನಿಗಳು ಪುಕ್ಕಟೆ ಫಲಕ ಹಾಕಿ 25 ವರ್ಷಕ್ಕೆ ಮಾಳಿಗೆಯನ್ನೇ ಗುತ್ತಿಗೆ ಹಿಡಿದವು. ಆ ಮನೆಗಳಿಗೆ ಗೃಹಸಾಲ ಕೊಡಲು ಬ್ಯಾಂಕುಗಳು ತಕರಾರು ತೆಗೆದವು.

ಕರ್ನಾಟಕದ ಕಥೆ ಬೇರೆ. ಹರೀಶ್ ಹಂದೆಯವರ ಸೆಲ್ಕೋ 1995ರಲ್ಲಿ ಆರಂಭವಾದಾಗ ಹಳ್ಳಿಯ ಬಡವರಿಗೆ ಸೋಲಾರ್ ದೀಪ ಮುಟ್ಟಿಸಲು ಬಾಡಿಗೆಗಿಂತ ಬ್ಯಾಂಕ್ ಸಾಲವನ್ನೇ ಮುಖ್ಯವಾಗಿ ಹಿಡಿಯಿತು. ಗ್ರಾಮೀಣ ಬ್ಯಾಂಕಿನ ಮ್ಯಾನೇಜರುಗಳನ್ನು ಒಪ್ಪಿಸಿ, ಬೆಳೆ ಬರುವ ಹೊತ್ತಿಗೆ ಸರಿಯಾಗಿ ಕಂತು ಜೋಡಿಸಿದ್ದೇ ಅದರ ಹೆಚ್ಚುಗಾರಿಕೆ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಾಡಿಗೆಯನ್ನು ಸೆಲ್ಕೋ ಬಳಸಿದ್ದು ತಳ್ಳುಗಾಡಿಯವರಿಗೆ: ಹಗಲು ಒಂದೆಡೆ ಚಾರ್ಜ್ ಆದ ದೀಪ, ಬ್ಯಾಟರಿಗಳನ್ನು ಸಂಜೆ ದಿನಬಾಡಿಗೆಗೆ ಕೊಡುವುದು. ಸ್ವಂತ ಜಾಗವಿಲ್ಲದವನಿಗೆ, ದಿನದ ದುಡಿಮೆ ದಿನಕ್ಕೇ ಸರಿಹೋಗುವವನಿಗೆ ಅದು ನ್ಯಾಯವಾದ ವ್ಯವಸ್ಥೆ. ಅದೇ ಕಾಲಕ್ಕೆ ಬೆಂಗಳೂರಿನ ಸಿಂಪಾ ಎಂಬ ಸಂಸ್ಥೆ, ದುಡ್ಡು ಕಟ್ಟಿದಷ್ಟು ದಿನ ಉರಿದು, ಪೂರ್ತಿ ಬೆಲೆ ತೀರಿದ ಮೇಲೆ ಮನೆಯವರದೇ ಆಗುವ ದೀಪವ್ಯವಸ್ಥೆಯನ್ನು ಪ್ರಯೋಗ ಮಾಡಿತು.

ಸೋಲಾರ್‌ನಲ್ಲಿ ‘ಬಾಡಿಗೆ’ ಎಂದರೆ ನಮ್ಮ ರಾಜ್ಯದಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಪಾವಗಡದ ಸೋಲಾರ್ ಪಾರ್ಕ್. ಅಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದು, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಿಸುವ ಕರಾರು ಮಾಡಿದರು. ಅಲ್ಲಿ ಏರಿಕೆಯ ಲಾಭ ಜಾಗ ಕೊಟ್ಟವನಿಗೆ. ಮನೆ ಮಾಳಿಗೆಯ ಬಾಡಿಗೆಯಲ್ಲಿ ಜಾಗ ಕೊಡುವವರೂ ನಾವೇ, ಏರಿಕೆ ಕಟ್ಟುವವರೂ ನಾವೇ. ಈ ವಿಚಿತ್ರ ಯಾಕೋ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರಾರು ಪತ್ರ ಬಂದರೆ

2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂರ್ಯಘರ್ ಅಡಿಯಲ್ಲೇ ರೆಸ್ಕೋ ಮಾದರಿಗೂ ಮಾರ್ಗಸೂಚಿ ಹೊರಡಿಸಿತು. ಕಂಪನಿ ಅಥವಾ ವಿದ್ಯುತ್ ಸಂಸ್ಥೆ ಫಲಕ ಹೂಡುತ್ತದೆ. ಕನಿಷ್ಠ ಐದು ವರ್ಷ ಅದು ಅವರ ಸ್ವತ್ತು. ಮನೆಯವರು ಬಳಸಿದ ಕರೆಂಟಿಗೆ ದುಡ್ಡು ಕೊಡುತ್ತಾರೆ. ಸಹಾಯಧನ ಹೋಗುವುದು ಹೂಡಿದವರಿಗೆ. ಆ 78,000 ಕಳೆದು ಯೂನಿಟ್ ದರ ಕಟ್ಟಿದ್ದಾರೋ, ಕಳೆಯದೆಯೋ ಎನ್ನುವುದು ಮೊದಲು ಕೇಳಬೇಕಾದ ಮಾತು.

ಎರಡನೆಯದು ವಾರ್ಷಿಕ ಏರಿಕೆ. ಯೂನಿಟ್ಟಿಗೆ 5 ರೂಪಾಯಿ, ವರ್ಷಕ್ಕೆ ಶೇ 5 ಹೆಚ್ಚಳ ಎಂಬ ಕರಾರಿಗೆ 2023ರಲ್ಲಿ ಯಾರಾದರೂ ಸಹಿ ಹಾಕಿದ್ದರೆ ಏನಾಗುತ್ತಿತ್ತು? ಆಗ ಜೆಸ್ಕಾಂ ದರ 7 ರೂಪಾಯಿ, ಎರಡು ರೂಪಾಯಿ ಉಳಿತಾಯ. ಮರುವರ್ಷ ಬಾಡಿಗೆ 5.25, ಜೆಸ್ಕಾಂ ದರ 5.90. ಅದರಾಚೆ ವರ್ಷ 5.51 ಮತ್ತು 5.80. ತೆರಿಗೆ, ಬಾಬ್ತು ಸೇರಿಸಿದರೂ ಉಳಿತಾಯ ರೂಪಾಯಿ ಆಸುಪಾಸಿಗೆ ಬಂದು ನಿಂತಿತು, ಬಾಡಿಗೆ ಮಾತ್ರ ಏರುತ್ತಲೇ ಇದೆ. ಹೆಚ್ಚಳವಿಲ್ಲದ ಸ್ಥಿರ ದರ ಕೊಟ್ಟರೆ ಮಾತ್ರ ಮುಂದಿನ ಮಾತು.

ಉಳಿದಂತೆ, ಮೀಟರಿನಲ್ಲಿ ಬಂದಷ್ಟಕ್ಕೆ ದುಡ್ಡೋ, ಬರಲಿ ಬಿಡಲಿ ತಿಂಗಳಿಗಿಷ್ಟೆಂದೋ ನೋಡಿ. ಎರಡನೆಯದಾದರೆ ಜುಲೈ ಮೋಡದ ನಷ್ಟ ನಿಮ್ಮದು. ಮಾಳಿಗೆ ಸೋರಿದರೆ ರಿಪೇರಿ ಯಾರ ಪಾಲು? ಮೇಲೊಂದು ಅಂತಸ್ತು ಕಟ್ಟುವಾಗ ಫಲಕ ಬಿಚ್ಚಿ ಮತ್ತೆ ಜೋಡಿಸುವ ಖರ್ಚು ಯಾರದು? ನಮ್ಮೂರುಗಳಲ್ಲಿ ಮನೆ ಒಂದೇ ಸಲ ಮುಗಿಯುವುದಿಲ್ಲ. ಮಗನ ಮದುವೆಗೊಂದು ಕೋಣೆ, ಮೊಮ್ಮಗನ ಹೊತ್ತಿಗೊಂದು ಮಹಡಿ ಏರುತ್ತದೆ. ನಡುವೆ ಫಲಕ ಕೊಂಡುಬಿಡುವುದಾದರೆ ಯಾವ ವರ್ಷಕ್ಕೆ ಎಷ್ಟು ಬೆಲೆ ಎಂಬ ಪಟ್ಟಿ ಕರಾರಿನಲ್ಲೇ ಇರಬೇಕು. ಕಾಗದ ಕನ್ನಡದಲ್ಲಿ ಕೊಡದಿದ್ದರೆ ಸಹಿ ಬೇಡ.

ಬಾಡಿಗೆ ಪದ್ಧತಿ ಎಲ್ಲಿಯೂ ಬೇಡವೆಂದಲ್ಲ. ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಕಲ್ಯಾಣ ಮಂಟಪಗಳು, ಕಾಲೇಜು, ಆಸ್ಪತ್ರೆಗಳ ದೊಡ್ಡ ಮಾಳಿಗೆಗೆ ಅದು ಸರಿಹೋಗುತ್ತದೆ. ಅವರ ಬಳಕೆಯೆಲ್ಲ ಹಗಲಿನದು, ಮನೆಯ ಸಹಾಯಧನ ಅವರಿಗಿಲ್ಲ, ನೂರು ಕಿಲೋವ್ಯಾಟ್ ಒಂದೇ ಕಡೆ ಸಿಕ್ಕರೆ ಕಂಪನಿಗೂ ಗಿಟ್ಟುತ್ತದೆ. ಮೂರು ಕಿಲೋವ್ಯಾಟಿನ ಒಂಟಿ ಮನೆಗಾಗಿ ಬಸವಕಲ್ಯಾಣದವರೆಗೆ ಆಳು ಕಳಿಸಿ ಬಾಡಿಗೆ ವಸೂಲಿ ಮಾಡುವುದು ಕಂಪನಿಗೇ ಭಾರ. ಆ ಭಾರ ಸುತ್ತಿ ಬಳಸಿ ದರದಲ್ಲೇ ಇಳಿಯುತ್ತದೆ.

ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ

ಇದನ್ನು ಮೊದಲೇ ಹೇಳುವ ಮಾರಾಟಗಾರರು ಕಡಿಮೆ. ಸಹಾಯಧನದಲ್ಲಿ ಬರುವ ಸಾಮಾನ್ಯ ವ್ಯವಸ್ಥೆ ಲೈನಿನ ಕರೆಂಟ್ ಜೊತೆ ಮಾತ್ರ ನಡೆಯುತ್ತದೆ. ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೂ ನಿಲ್ಲುತ್ತದೆ. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯುತ್ತದೆ. ಹಾಗಾಗಿ ಮಟಮಟ ಮಧ್ಯಾಹ್ನ ಮೇಲೆ ಬಿಸಿಲು ಸುರಿಯುತ್ತಿದ್ದರೂ ಕೆಳಗೆ ಫ್ಯಾನ್ ತಿರುಗುವುದಿಲ್ಲ. ತಿರುಗಬೇಕಾದರೆ ಬ್ಯಾಟರಿ ಕೂಡುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದಕ್ಕೆ ಬೇರೆ ದುಡ್ಡು. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನು ತೆಗೆಯಬೇಡಿ.

ಮನೆ ಯಾರದು, ಮೀಟರ್ ಯಾರ ಹೆಸರಲ್ಲಿ

ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ಮಾಳಿಗೆ ಮಾಲೀಕರದು. ಹೆಚ್ಚೆಂದರೆ ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದಾದ ಒಂದು ಫಲಕ, ಒಂದು ಬ್ಯಾಟರಿಯ ದೀಪವ್ಯವಸ್ಥೆ ಕೊಳ್ಳಬಹುದು. ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿ ವರ್ಷದಲ್ಲಿ ಹಬ್ಬಕ್ಕೆ, ಜಾತ್ರೆಗೆ ಬಂದು ಬೀಗ ತೆಗೆಯುವ ಮನೆಗಳಿಗೂ ಅಷ್ಟೇ: ಬಳಸುವವರಿಲ್ಲದ ಕರೆಂಟ್ ಕಡಿಮೆ ದರಕ್ಕೆ ಲೈನಿಗೆ ಹೋಗುತ್ತದೆ, ಧೂಳು ಒರೆಸುವವರೂ ಇರುವುದಿಲ್ಲ.

ಸ್ವಂತ ಮನೆಯವರಿಗೆ ಅಡ್ಡಿ ಬರುವುದು ದುಡ್ಡಿಗಿಂತ ಹೆಚ್ಚಾಗಿ ಕಾಗದ. ತೀರಿಹೋದ ಅಜ್ಜನ ಹೆಸರಿನಲ್ಲೇ ಇಂದಿಗೂ ಲೈಟ್ ಬಿಲ್ ಬರುವ ಮನೆಗಳು ಎಷ್ಟೋ. ಅಣ್ಣತಮ್ಮಂದಿರು ಪಾಲಾಗಿ ಒಲೆ ಬೇರೆಯಾಗಿವೆ, ಮಾಳಿಗೆ ಒಂದೇ. ಸೂರ್ಯಘರ್ ಪೋರ್ಟಲಿನಲ್ಲಿ ಅರ್ಜಿ, ವಿದ್ಯುತ್ ಖಾತೆ, ಬ್ಯಾಂಕ್ ಖಾತೆ ಮೂರರ ಹೆಸರೂ ತಾಳೆಯಾಗಬೇಕು. ಆಗದಿದ್ದರೆ ಫಲಕ ಮೇಲೇರಿದರೂ ಸಹಾಯಧನ ಕೆಳಗಿಳಿಯುವುದಿಲ್ಲ. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡವೆಂದು 2024ರ ಫೆಬ್ರುವರಿಯ ಕೇಂದ್ರದ ನಿಯಮ ತಿದ್ದುಪಡಿ ಹೇಳಿರುವುದರಿಂದ ಆ ನೆಪದಲ್ಲಿ ಕಾಯಿಸುವಂತಿಲ್ಲ. ಹೆಸರು ಬದಲಾವಣೆಗೆ ಮಾತ್ರ ವಾರಸಾ ಪತ್ರ, ಉಳಿದ ಪಾಲುದಾರರ ಒಪ್ಪಿಗೆ ಎಂದೆಲ್ಲ ಓಡಾಟ ತಪ್ಪುವುದಿಲ್ಲ.

ಸೂರ್ಯಘರ್ ಯೋಜನೆಯ ಅವಧಿ 2026–27ರ ಹಣಕಾಸು ವರ್ಷದವರೆಗೆ. ತಿಂಗಳಿಗೆ 250 ಯೂನಿಟ್ ಮೀರಿ ಉರಿಸುವ ಮನೆಯವರು ಯಾವ ಕಂಪನಿಯ ಫಲಕ ಎಂದು ವಿಚಾರಿಸುವ ಮುನ್ನ ಹಳೆಯ ಬಿಲ್ಲು ಹಿಡಿದು ಜೆಸ್ಕಾಂ ಶಾಖಾ ಕಚೇರಿಗೆ ಹೋಗಿ ಮೀಟರ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ.